ಚಾರಿತ್ರಿಕ ಕಾದಂಬರಿಗೆ ಒಬ್ಬ ಓದುಗ ಸಾಲದು

ಕೂಡಿ ಓದುವುದು ಕನ್ನಡಕ್ಕೆ ಹೊಸತಲ್ಲ. ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ಗಮಕಿ ರಾಗವಾಗಿ ವಾಚಿಸುತ್ತಾರೆ, ಪದ್ಯ ಮುಗಿದಲ್ಲಿ ನಿಲ್ಲುತ್ತಾರೆ. ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಪದ ಬಿಡಿಸಿ, ಅರ್ಥ ಹೇಳಿ, ಕರ್ಣನ ಮಾತಿನ ಹಿಂದಿರುವ ನೋವನ್ನು ತೋರಿಸಿದ ಮೇಲೆಯೇ ಮುಂದಿನ ಪದ್ಯ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಈ ಪರಂಪರೆ ಇಂದಿಗೂ ಉಳಿದಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಕಾದಂಬರಿ ಬಂದಾಗ ಕನ್ನಡದ ಓದು ಈ ವ್ಯಾಖ್ಯಾನಕಾರರನ್ನು ಹಿಂದೆ ಬಿಟ್ಟು ಮುಂದೆ ನಡೆಯಿತು. ಸಾಮಾಜಿಕ ಕಾದಂಬರಿಗೆ ಅದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಚಾರಿತ್ರಿಕ ಕಾದಂಬರಿಗೆ ಮಾತ್ರ ಆಗಿದೆ. ಇಂದಿನ ಓದುಬಳಗಗಳು ತುಂಬಬೇಕಾದದ್ದು ಆ ತೆರವನ್ನೇ ಎಂಬುದು ನನ್ನ ವಾದ.

ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನೂ, ಗಳಗನಾಥರು ಮರಾಠಿಯಿಂದ ಹರಿ ನಾರಾಯಣ ಆಪ್ಟೆಯವರನ್ನೂ ತಂದ ಕಾಲದಲ್ಲಿ ಓದು ಬಲ್ಲವರೊಬ್ಬರು ಗಟ್ಟಿಯಾಗಿ ಓದುವುದು, ಮನೆಮಂದಿ ಸುತ್ತ ಕೂತು ಕೇಳುವುದು ಸಾಮಾನ್ಯವಾಗಿತ್ತು. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ವಿಜಯನಗರದ ಸ್ಥಾಪನೆಯ ಕಥೆಯಾದ ಅವರ ‘ಮಾಧವ ಕರುಣಾ ವಿಲಾಸ’ ಓದುಗರಲ್ಲಿ ನಾಡಿನ ಅಭಿಮಾನ ಎಬ್ಬಿಸಿತು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯಂಥ ಸಂಸ್ಥೆಗಳು ಚಂದಾದಾರರ ಮೂಲಕ ಪುಸ್ತಕವನ್ನು ಮನೆಬಾಗಿಲಿಗೆ ತಲುಪಿಸಿದವು. ಓದುಗರು ಹೆಚ್ಚಿದರು, ಓದು ಮೌನವಾಯಿತು. ಅಭಿಮಾನ ಎಬ್ಬಿಸುವ ಕಥೆಯನ್ನು ಒಬ್ಬರೇ ಕೂತು ಓದಿದಾಗ ಅದೇ ಇತಿಹಾಸವಾಗಿ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳ ಯಶಸ್ಸು ಇದಕ್ಕೆ ಸಾಕ್ಷಿ. ‘ದುರ್ಗಾಸ್ತಮಾನ’ ಓದಿದವರಿಗೆ ಮದಕರಿನಾಯಕ ತಮ್ಮ ಮನೆಯವನೇ ಆಗುತ್ತಾನೆ, 1779ರಲ್ಲಿ ಕೋಟೆ ಗೆದ್ದ ಹೈದರಾಲಿ ಬರಿಯ ಶತ್ರುವಾಗುತ್ತಾನೆ. ಶ್ರೀರಂಗಪಟ್ಟಣದ ಸೀಮೆಯ ನೆನಪಿನಲ್ಲಿ ಅದೇ ಹೈದರನ ಚಿತ್ರ ಬೇರೆ. ಎರಡೂ ನೆನಪು ಒಂದೇ ಕೋಣೆಯಲ್ಲಿ ಕೂತಾಗಲೇ ಕಾದಂಬರಿಕಾರ ಯಾವ ಕಡೆ ನಿಂತು ಬರೆದಿದ್ದಾನೆಂಬುದು ಕಾಣುವುದು.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಇನ್ನೂ ಒಳ್ಳೆಯ ಉದಾಹರಣೆ. ಅದು ಬಂದದ್ದು 1956ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ. ಕಂಪನಿ ಸರ್ಕಾರ 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡಿತು. ಪದಚ್ಯುತ ರಾಜ ಕಾಶಿಯಲ್ಲಿದ್ದು, ಮಗಳೊಂದಿಗೆ ಲಂಡನ್ನಿಗೆ ಹೋಗಿ ಅಲ್ಲೇ ತೀರಿಕೊಂಡ. ಕಾದಂಬರಿಯಲ್ಲಿ ರಾಜ ಕ್ರೂರಿ, ವ್ಯಸನಿ. ಮಂತ್ರಿ ಬೋಪಣ್ಣ ಕೊನೆಗೆ ಇಂಗ್ಲಿಷರ ಕಡೆ ವಾಲುತ್ತಾನೆ. ಅವನು ದ್ರೋಹಿಯೋ, ಪ್ರಜೆಗಳನ್ನು ಉಳಿಸಿದವನೋ? ಒಂಟಿ ಓದುಗರು ಮಾಸ್ತಿಯವರ ಸಮಾಧಾನದ ದನಿಗೆ ಒಲಿದು ಮುಂದೆ ಹೋಗಿಬಿಡುತ್ತಾರೆ. ಬಳಗದಲ್ಲಾದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ರಾಜನ ದುಷ್ಟತನ ದೊಡ್ಡದಾಗಿ ಕಂಡಷ್ಟೂ ಲಾಭವಾದದ್ದು ಯಾರಿಗೆ? ರಾಜ್ಯ ನುಂಗಿದವರೇ ಬರೆದಿಟ್ಟ ವರದಿಗಳನ್ನು ಎಷ್ಟು ನಂಬಬೇಕು? ಈ ಪ್ರಶ್ನೆಗಳಿಂದ ಕಾದಂಬರಿ ಸಣ್ಣದಾಗುವುದಿಲ್ಲ. ಎರಡು ಕೇಡುಗಳ ನಡುವೆ ಒಂದನ್ನು ಆರಿಸಬೇಕಾದವರ ಸಂಕಟವನ್ನು ಮಾಸ್ತಿ ಎಷ್ಟು ಆಳವಾಗಿ ಕಂಡಿದ್ದರೆಂದು ಆಗ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕಾದಂಬರಿ ಕಲೆ, ದಾಖಲೆಗೆ ಹೋಲಿಸಿ ಅಂಕ ಕೊಡುವುದು ಅರಸಿಕತನ ಎಂಬ ಆಕ್ಷೇಪವಿದೆ. ತಪ್ಪು ಹುಡುಕುವುದೇ ಗುರಿಯಾದರೆ ಅದು ನಿಜ. ಆದರೆ ದಾಖಲೆಯ ಹಕ್ಕನ್ನು ಕೆಲವೊಮ್ಮೆ ಕಾದಂಬರಿಯೇ ಮುಂದಿಡುತ್ತದೆ. ಭೈರಪ್ಪನವರ ‘ಆವರಣ’ (2007) ಆಕರಗ್ರಂಥಗಳ ಪಟ್ಟಿಯನ್ನು ತನ್ನೊಳಗೇ ಇಟ್ಟುಕೊಂಡಿದೆ. ಅದರ ಮೇಲೆ ನಡೆದ ವಾಗ್ವಾದವೂ ಇತಿಹಾಸದ ಸತ್ಯದ ಬಗ್ಗೆಯೇ ಇತ್ತು. ಪರ-ವಿರೋಧದ ಬರಹಗಳು ಎಷ್ಟೋ ಬಂದವು. ಎರಡೂ ಕಡೆಯವರು ಒಂದೇ ಅಧ್ಯಾಯ ತೆರೆದು ಎದುರುಬದುರು ಕೂರುವ ಜಾಗ ಮಾತ್ರ ಕಡಿಮೆಯಿತ್ತು. ಗುಂಪಿನಲ್ಲಿ ಗಟ್ಟಿ ಗಂಟಲಿನವರೇ ಗೆಲ್ಲುತ್ತಾರೆಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ತಳ್ಳಿಹಾಕಲಾಗದು. ಒಂದೇ ಜಾತಿ, ಒಂದೇ ಸೀಮೆ, ಒಂದೇ ರಾಜಕೀಯದವರು ಸೇರಿದ ಬಳಗ ಒಂಟಿ ಓದಿಗಿಂತಲೂ ಅಪಾಯಕಾರಿ. ಅಲ್ಲಿ ಪೂರ್ವಗ್ರಹಕ್ಕೆ ಸಾಕ್ಷಿಗಳು ಹೆಚ್ಚುತ್ತಾರೆ, ಅಷ್ಟೇ. ಇದಕ್ಕೆ ಮದ್ದು ಗಮಕದ ಕ್ರಮದಲ್ಲೇ ಇದೆ. ಅಲ್ಲಿ ಮೊದಲು ಪಠ್ಯ, ಆಮೇಲೆ ಅರ್ಥ. ಆರಿಸಿದ ಪುಟಗಳನ್ನು ಗಟ್ಟಿಯಾಗಿ ಓದಿ, ಆ ಪುಟದ ಮಾತನ್ನು ತೋರಿಸಿಯೇ ವಾದಿಸಬೇಕೆಂಬ ಕಟ್ಟುಪಾಡಿದ್ದರೆ ಗಂಟಲಿನ ಬಲ ಅರ್ಧ ಇಳಿಯುತ್ತದೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಲಿಸ್ಬನ್ನನ್ನೂ ವಿಜಯನಗರವನ್ನೂ ಒಂದೇ ಕಥೆಯಲ್ಲಿ ಹೆಣೆದಿರುವುದರಿಂದ ಈ ಬಗೆಯ ಓದಿಗೆ ಹೇಳಿಮಾಡಿಸಿದಂತಿದೆ: ಗಳಗನಾಥರ ವಿಜಯನಗರವನ್ನು ಅದರ ಜೊತೆಗಿಟ್ಟು ಓದುವ ಬಳಗಕ್ಕೆ ಒಂದೇ ಸಾಮ್ರಾಜ್ಯ ಎರಡು ಕಾಲದ ಕನ್ನಡಿಗರಿಗೆ ಹೇಗೆ ಬೇರೆಬೇರೆಯಾಗಿ ಬೇಕಾಯಿತೆಂಬುದು ಸಿಗುತ್ತದೆ.