ವಾಡೆಯ ಮಾಳಿಗೆ ಯಾಕೆ ಸೋರುತ್ತದೆ?

ಮೊನ್ನೆ ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದು ಕಮಲಾಪುರದ ಕಡೆ ಹೋಗಿದ್ದೆ. ಕೆಂಪು ಬಾಳೆಹಣ್ಣು ತರೋದಕ್ಕಲ್ಲ, ಒಂದು ಸಹಿ ಹಾಕೋದಕ್ಕೆ. ಅಲ್ಲೇ ಹತ್ತಿರದ ಹಳ್ಳಿಯಲ್ಲಿ ನಮ್ಮ ಮುತ್ಯಾನ ವಾಡೆ ಇದೆ. ಒಟ್ಟು ಏಳು ಪಾಲು. ಕೆಡವಿ ಜಾಗ ಮಾರೋಣ ಅಂತ ಆರು ಮಂದಿ ಒಪ್ಪಿಯಾಗಿದೆ. ಏಳನೆಯದು ತೀರಿಹೋದ ಅಪ್ಪನ ಪಾಲು, ಈಗ ನನ್ನದು.

ವಾಡೆ ಅಂದರೆ ನಮ್ಮ ಕಡೆ ಗೌಡರು, ದೇಶಮುಖರು, ಕುಲಕರ್ಣಿಗಳು ಇರುತ್ತಿದ್ದ ದೊಡ್ಡ ಮನೆ. ಎತ್ತರದ ಬಾಗಿಲು ದಾಟಿದರೆ ಢೇಳಜ, ಅದರ ಎರಡೂ ಕಡೆ ಕಟ್ಟೆ. ಆಮೇಲೆ ಅಂಗಳ, ಪಡಸಾಲೆ. ನೆಲಕ್ಕೆ ಶಹಾಬಾದ ಫರಸಿ, ತಲೆಯ ಮೇಲೆ ಕಂಬ-ತೊಲೆ ಹೊತ್ತ ಮಣ್ಣಿನ ಮಾಳಿಗೆ. ಜೋಳ ತುಂಬಿಡಲು ನೆಲದೊಳಗೆ ಹಗೇವು.

ಇದೆಲ್ಲ ಹೊಲದ ಬೆಳೆಯಿಂದ ಕಟ್ಟಿದ್ದು ಅಂತ ಸಣ್ಣವನಿದ್ದಾಗ ತಿಳಿದಿದ್ದೆ. ಅದು ಅರ್ಧ ಮಾತ್ರ ನಿಜ. ವಾಡೆಗಳು ನಿಂತಿದ್ದು ಅಧಿಕಾರದ ಮೇಲೆ. ನಿಜಾಮರ ರಾಜ್ಯದಲ್ಲಿ ಕಂದಾಯ ಇಂಥ ಮನೆಗಳ ಮೂಲಕವೇ ಹೋಗುತ್ತಿತ್ತು. 1865ರಲ್ಲಿ ದಿವಾನ ಸಾಲಾರ್ ಜಂಗ್ ಜಿಲ್ಲಾಬಂದಿ ತಂದು ವಸೂಲಿಯನ್ನು ಸಂಬಳದ ಅಧಿಕಾರಿಗಳಿಗೆ ವಹಿಸಿದರು. ದೇಶಮುಖರಿಗೆ ‘ರುಸುಂ’ ಎಂಬ ನಗದು ಗೊತ್ತಾಯಿತು. ಊರ ಮಟ್ಟದಲ್ಲಿ ಮಾತ್ರ ಮಾಲಿಪಾಟೀಲ, ಪೊಲೀಸ್ ಪಾಟೀಲರ ಗತ್ತು ಹಾಗೇ ಉಳಿಯಿತು. ಈಗಲೂ ಕಲಬುರಗಿಯಲ್ಲಿ ಇವು ಅಡ್ಡಹೆಸರುಗಳು!

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. 1949ರಲ್ಲಿ ಜಾಗೀರು ರದ್ದಾಯಿತು. 1950ರ ಗೇಣಿ ಕಾಯ್ದೆ ಉಳುವವರಿಗೆ ರಕ್ಷಣೆ ಕೊಟ್ಟಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಗೌಡಕಿ ಹೋಯಿತು. 1974ರ ಭೂಸುಧಾರಣೆಯಲ್ಲಿ ಗೇಣಿಯ ಹೊಲಗಳು ಗೇಣಿದಾರರದ್ದಾದವು. ಹಗೇವು ಬರಿದಾಯಿತು. ಮಕ್ಕಳು ಓದು, ನೌಕರಿ ಅಂತ ಕಲಬುರಗಿ ಸೇರಿದರು.

ಕಾಕಾ ಅಂದರು, “ಮಳಿಗಾಲ ಬಂತಂದ್ರ ಎಲ್ಲಾ ಕಡಿ ಸೋರ್ತದ. ಸಹಿ ಮಾಡಿ ಹೋಗಪಾ.” ಮೊದಲು ಯಾಕೆ ಸೋರುತ್ತಿರಲಿಲ್ಲ ಅಂತ ಕೇಳಿದೆ. ಅವರು ಸುಮ್ಮನಾದರು.

ಉತ್ತರ ಸಿಕ್ಕಿದ್ದು ಕಟ್ಟೆಯ ಮೇಲೆ ಕೂತಿದ್ದ ಊರ ಹಿರಿಯರೊಬ್ಬರಿಂದ. ಅವರ ತಂದೆ ನಮ್ಮ ಹೊಲದಲ್ಲಿ ದುಡಿದವರು. “ಮಣ್ಣಿನ ಮಾಳಗಿ ಅಂದ್ರ ವರ್ಷಾ ಮಳಿಗಿಂತ ಮೊದಲ ಹೊಸಾ ಮಣ್ಣು ಹಾಕಿ ಬಡೀಬೇಕರಿ. ನಮ್ಮಪ್ಪ ಬಡೀತಿದ್ದ. ಬಿಟ್ಟಿ ಚಾಕ್ರಿ. ರೊಕ್ಕ ಇಲ್ಲ, ಏನಿಲ್ಲ. ಅಂವ ಈ ಕಟ್ಟಿ ಮ್ಯಾಲ ಒಮ್ಮೆನೂ ಕುಂತಿಲ್ಲ. ನಾ ಕುಂತೀನಿ ನೋಡ್ರಿ.”

ನನಗೆ ಮಾತೇ ಹೊರಡಲಿಲ್ಲ. ಮಳೆ ಅಂದೂ ಇಷ್ಟೇ ಬರುತ್ತಿತ್ತು. ಮಾಳಿಗೆ ಸೋರತೊಡಗಿದ್ದು ಬಿಟ್ಟಿ ನಿಂತ ಮೇಲೆ. ನಾವು ಮುತ್ಯಾನ ವೈಭವ ಅಂತ ಹೇಳಿಕೊಂಡು ತಿರುಗಿದ್ದರಲ್ಲಿ ಇವರಪ್ಪನ ಬೆವರಿನ ಲೆಕ್ಕ ಎಲ್ಲೂ ಇರಲಿಲ್ಲ.

ಸಹಿ ಹಾಕಿದೆ. ಹಾಕುವ ಮುಂಚೆ ಕಂಬ, ಢೇಳಜ, ಹಗೇವು ಎಲ್ಲದರ ಫೋಟೋ ತೆಗೆದೆ. ಕೊನೆಯದು ಕಟ್ಟೆಯ ಮೇಲೆ ಕೂತ ಆ ಹಿರಿಯರದ್ದು. ನಿಮ್ಮೂರಲ್ಲೂ ಇಂಥ ವಾಡೆ ಇದ್ದರೆ ಅದರ ಕತೆ ಬರೆಯಿರಿ. ಪಡಸಾಲೆಯಲ್ಲಿ ಕೂತವರನ್ನಷ್ಟೇ ಕೇಳಬೇಡಿ, ಮಾಳಿಗೆ ಬಡಿದವರ ಮಕ್ಕಳನ್ನೂ ಕೇಳಿ.