ಹೆಸರಿಲ್ಲದ ಹುಡುಗನ ಗಣಿತ ಪಾಠ

ಒಂದು ಚೌಕವಿದೆ. ಅದರ ಎರಡರಷ್ಟು ವಿಸ್ತೀರ್ಣದ ಇನ್ನೊಂದು ಚೌಕ ಬೇಕು. ಬಾಹು ಎಷ್ಟಿರಬೇಕು? ಮಕ್ಕಳನ್ನು ಕೇಳಿದರೆ ಬಾಹುವನ್ನೂ ಎರಡರಷ್ಟು ಮಾಡಿದರಾಯಿತು ಎನ್ನುವುದುಂಟು. ಸುಮಾರು 2,400 ವರ್ಷಗಳ ಹಿಂದೆ ಗ್ರೀಕ್ ತತ್ವಜ್ಞಾನಿ ಪ್ಲೇಟೊ ಬರೆದ 'ಮೆನೊ' ಎಂಬ ಸಂವಾದದಲ್ಲಿ ಒಬ್ಬ ಹುಡುಗ ಹೇಳುವುದೂ ಇದನ್ನೇ.

ಥೆಸಲಿಯ ಸಿರಿವಂತ ತರುಣ ಮೆನೊ ಆಳುಗಳ ಸಮೇತ ಅಥೆನ್ಸಿಗೆ ಬಂದಿದ್ದಾನೆ. ಅವರಲ್ಲೊಬ್ಬನನ್ನು ಸಾಕ್ರೆಟೀಸ್ ಹತ್ತಿರ ಕರೆಯುತ್ತಾನೆ. ಹುಡುಗ ಗುಲಾಮ, ಯಜಮಾನನ ಮನೆಯಲ್ಲೇ ಹುಟ್ಟಿದವನು, ರೇಖಾಗಣಿತ ಕಲಿತವನಲ್ಲ. ಸಾಕ್ರೆಟೀಸ್ ವಿಚಾರಿಸುವುದು ಇಷ್ಟೇ: ಇವನಿಗೆ ಗ್ರೀಕ್ ಬರುತ್ತದೆಯೆ?

ಎರಡಡಿ ಬಾಹುವಿನ ಚೌಕ ಎಳೆದದ್ದಾಯಿತು. ವಿಸ್ತೀರ್ಣ 4 ಚದರ ಅಡಿ, ಬೇಕಾದದ್ದು 8. ಬಾಹು 4 ಅಡಿ ಎನ್ನುತ್ತಾನೆ ಹುಡುಗ. ಎಳೆದು ನೋಡಿದರೆ 16. ಹಾಗಾದರೆ 3? ಅದು 9. ತನಗೆ ತಿಳಿಯದೆಂದು ಹುಡುಗ ಕೈಚೆಲ್ಲುತ್ತಾನೆ. ಪಾಠದ ಜೀವ ಇರುವುದು ಇಲ್ಲಿ. ಬೈಗುಳವಿಲ್ಲ, ಬೆತ್ತವಿಲ್ಲ. ಬಲ್ಲೆನೆಂಬ ಭ್ರಮೆ ಹೋಗಿ ತಿಳಿಯುವ ಆಸೆ ಹುಟ್ಟಿದೆಯಲ್ಲ, ಇದರಿಂದ ಇವನಿಗಾದ ನಷ್ಟವೇನು ಎಂದು ಸಾಕ್ರೆಟೀಸ್ ಮೆನೊನನ್ನು ಕೇಳುತ್ತಾನೆ. ಲೆಕ್ಕ ಹೇಳಲಾಗದಿದ್ದರೆ ಗೆರೆ ತೋರಿಸಿದರೂ ಸಾಕೆಂದು ಹುಡುಗನಿಗೆ ಮೊದಲೇ ಹೇಳಿದ್ದ. ಈ ರಿಯಾಯಿತಿಗೆ ಕಾರಣವಿದೆ. ಉತ್ತರ 8ರ ವರ್ಗಮೂಲ. ಯಾವ ಭಿನ್ನರಾಶಿಯಲ್ಲೂ ಅದನ್ನು ಕರಾರುವಾಕ್ಕಾಗಿ ಬರೆಯಲಾಗದು.

ಪರಿಹಾರ ಮಾತ್ರ ಸರಳ. ನಾಲ್ಕಡಿಯ ದೊಡ್ಡ ಚೌಕದಲ್ಲಿ ಎರಡಡಿಯ ನಾಲ್ಕು ಚೌಕಗಳಿವೆ. ಪ್ರತಿಯೊಂದನ್ನೂ ಕರ್ಣದಿಂದ ಅರ್ಧ ಮಾಡಿದರೆ ನಡುವೆ ಓರೆಯಾದ ಚೌಕವೊಂದು ಮೂಡುತ್ತದೆ. 16ರಲ್ಲಿ ಅರ್ಧ, ಅಂದರೆ 8. ಚೌಕಾಕಾರದ ಕಾಗದದ ನಾಲ್ಕೂ ಮೂಲೆಗಳನ್ನು ನಡುಬಿಂದುವಿಗೆ ಮಡಚಿದರೆ ಇದು ಪುಟ್ಟ ಮಕ್ಕಳ ಕಣ್ಣಿಗೂ ಕಾಣುತ್ತದೆ. ಯಜ್ಞವೇದಿಕೆಗಳನ್ನು ಹಗ್ಗದಿಂದ ಅಳೆಯುತ್ತಿದ್ದವರ ಬೌಧಾಯನ ಶುಲ್ಬಸೂತ್ರವೂ ಚೌಕದ ಕರ್ಣ ಎರಡರಷ್ಟು ಕ್ಷೇತ್ರವನ್ನು ಕೊಡುತ್ತದೆ ಎನ್ನುತ್ತದೆ.

ತಾನೇನೂ ಕಲಿಸಲಿಲ್ಲ, ಆತ್ಮ ಹಿಂದೆ ಅರಿತದ್ದನ್ನು ಹುಡುಗ ನೆನಪಿಸಿಕೊಂಡ ಎಂಬುದು ಸಾಕ್ರೆಟೀಸನ ವಾದ. ಒಪ್ಪುವುದು ಕಷ್ಟ. ಕರ್ಣ ಎಳೆದವನು ಸಾಕ್ರೆಟೀಸನೇ. ಹುಡುಗ ಬಹುಪಾಲು ಹೌದು ಎಂದವನು. ಅವನದೇ ಎನ್ನಬಹುದಾದದ್ದು ಆ ಎರಡು ತಪ್ಪು ಉತ್ತರಗಳು.

ಹುಡುಗನ ಹೆಸರನ್ನು ಪ್ಲೇಟೊ ಬರೆದಿಲ್ಲ. ಪಾಠ ಮುಗಿದ ಮೇಲೆ ಅವನು ಮತ್ತೆ ಮಾತನಾಡುವುದೂ ಇಲ್ಲ. ಅದೇ ಸಂವಾದದಲ್ಲಿ ಮುಂದೆ ಅನಿಟಸ್ ಎಂಬ ಮುಖಂಡ ಬಂದು, ನಾಲಗೆ ಬಿಗಿಹಿಡಿಯುವಂತೆ ಸಾಕ್ರೆಟೀಸನನ್ನು ಎಚ್ಚರಿಸುತ್ತಾನೆ. ಕ್ರಿ.ಪೂ. 399ರಲ್ಲಿ, ತರುಣರನ್ನು ಕೆಡಿಸುತ್ತಾನೆಂದು ಸಾಕ್ರೆಟೀಸನ ಮೇಲೆ ದೂರು ಹೂಡಿದ ಮೂವರಲ್ಲಿ ಈತನೂ ಒಬ್ಬ.