ಉದ್ಯೋಗದಲ್ಲಿ ಲಿಂಗ ತಾರತಮ್ಯ ನಿಷೇಧ: ಭಾರತದ ಕಾನೂನು

ಸರ್ಕಾರಿ ನೌಕರಿಯಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದೆಂದು ಸಂವಿಧಾನದ 16ನೇ ವಿಧಿ 1950ರಲ್ಲೇ ಹೇಳಿತು. ಭೇದ ಹೋಗಿ ಅಡಗಿದ್ದು ಇಲಾಖೆಗಳ ಸೇವಾ ನಿಯಮಗಳಲ್ಲಿ.

ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರು ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕಾಯಿತು. 1961ರ ನಿಯಮಗಳೂ ಅದೇ ಜಾಡಿನವು: ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸ ಕೆಟ್ಟೀತೆಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ತೀರ್ಪು ಬರುವಷ್ಟರಲ್ಲಿ ಬಡ್ತಿ ಸಿಕ್ಕಿತ್ತು. ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಸುಮ್ಮನಾಗಲಿಲ್ಲ. ಸಂಸಾರದ ತಾಪತ್ರಯ ಗಂಡಸಿಗೂ ಇರಬಹುದಲ್ಲ ಎಂದರು. ಯಾರಾದರೂ ಅರ್ಜಿ ಹಾಕಲೆಂದು ಕಾಯದೆ ಎಲ್ಲ ಸೇವಾ ನಿಯಮಗಳನ್ನೂ ಸರ್ಕಾರ ತಿದ್ದಬೇಕೆಂದರು. ಗೆದ್ದ ಎಷ್ಟೋ ಮೊಕದ್ದಮೆಗಳಿಗಿಂತ ಈ ವಜಾ ಆದ ಅರ್ಜಿಯ ತೂಕ ಹೆಚ್ಚು.

ಎರಡೇ ವರ್ಷದಲ್ಲಿ ಅದೇ ಕೋರ್ಟು ಅರ್ಧ ಹೆಜ್ಜೆ ಹಿಂದಿಟ್ಟಿತು. ಏರ್ ಇಂಡಿಯಾದ ಗಗನಸಖಿಯರು 35ಕ್ಕೆ ನಿವೃತ್ತರಾಗಬೇಕಿತ್ತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೇ ಮೊದಲ ಬಾರಿ ಗರ್ಭಿಣಿಯಾದರೆ ಅದಕ್ಕೂ ಮುಂಚೆಯೇ ಕೆಲಸ ಹೋಗುತ್ತಿತ್ತು. ಇದನ್ನು ಪ್ರಶ್ನಿಸಿದ ನರ್ಗೇಶ್ ಮೀರ್ಜಾ ಪ್ರಕರಣದಲ್ಲಿ (1981) ಗರ್ಭಧಾರಣೆಯ ಷರತ್ತು ಬಿದ್ದುಹೋಯಿತು, ಮದುವೆಯ ಷರತ್ತು ಉಳಿಯಿತು.

16ನೇ ವಿಧಿ ಖಾಸಗಿ ಮಾಲೀಕರನ್ನು ಮುಟ್ಟುವುದಿಲ್ಲ. ಆ ಕೊರತೆಯನ್ನು ಒಂದಿಷ್ಟು ತುಂಬಿದ್ದು 1976ರ ಸಮಾನ ವೇತನ ಕಾಯಿದೆ. ಒಂದೇ ಬಗೆಯ ಕೆಲಸಕ್ಕೆ ಒಂದೇ ಸಂಬಳ, ನೇಮಕಾತಿಯಲ್ಲಿ ಭೇದವಿಲ್ಲ ಎಂಬುದು ಅದರ ಸಾರ. ಬಡ್ತಿ, ತರಬೇತಿ, ವರ್ಗಾವಣೆಗಳು ಅದರೊಳಗೆ ಬಂದದ್ದು 1987ರ ತಿದ್ದುಪಡಿಯಿಂದ. ಅದೇ ವರ್ಷ ಮ್ಯಾಕಿನನ್ ಮೆಕೆಂಜಿ ಕಂಪನಿಯ ಸ್ಟೆನೋಗ್ರಾಫರ್ ಒಬ್ಬರ ಮೊಕದ್ದಮೆಯಲ್ಲಿ, ಸಮಾನ ಸಂಬಳ ಕೊಡಲು ಕಂಪನಿಗೆ ಶಕ್ತಿಯಿಲ್ಲವೆಂಬ ನೆವ ನಡೆಯದೆಂದು ಕೋರ್ಟು ಹೇಳಿತು. ಈ ಕಾಯಿದೆ ಈಗ 2019ರ ವೇತನ ಸಂಹಿತೆಯಲ್ಲಿ ವಿಲೀನವಾಗಿದೆ.

ಲೈಂಗಿಕ ಕಿರುಕುಳವೂ ತಾರತಮ್ಯವೇ ಎಂದು ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು (1997) ಸಾರಿತು. ಅದು ಕಾಯಿದೆಯಾಗಲು 2013ರವರೆಗೆ ಕಾಯಬೇಕಾಯಿತು. ಹೆರಿಗೆ ರಜೆ 1961ರ ಕಾಯಿದೆಯಲ್ಲಿ 12 ವಾರ ಇದ್ದದ್ದು 2017ರಲ್ಲಿ 26 ಆಯಿತು. ಆ ಅವಧಿಯ ಸಂಬಳದ ಹೊರೆಯನ್ನು ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯ ಆಚೆ ಮಾಲೀಕನ ಮೇಲೆಯೇ ಬಿಟ್ಟದ್ದು ತಿದ್ದುಪಡಿಯ ದೊಡ್ಡ ದೋಷ.

ಮುತ್ತಮ್ಮ 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಎತ್ತಿದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಮದುವೆಯಾದ ಕಾರಣಕ್ಕೆ 1988ರಲ್ಲಿ ಕೆಲಸ ಕಳೆದುಕೊಂಡ ಸೇನಾ ಶುಶ್ರೂಷಾ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2024ರ ಫೆಬ್ರವರಿಯಲ್ಲಿ.